ಹಸುರು ಹೊನ್ನಿನ ಆಚೆಗಿನ ಹಸಿರು

ಹೋದ ವರ್ಷ ಅವ್ವನ ಕಣ್ಣಿನ ಪೊರೆ ತೆಗೆಸಲು ಅವಳನ್ನು ಹೈದರಾಬಾದಿಗೆ ಕರೆದುಕೊಂಡು ಬಂದಿದ್ದೆ. ಸೇಡಂನಿಂದ ರೈಲು ಹತ್ತಿದರೆ ಅರ್ಧ ದಿನದ ದಾರಿಯೂ ಅಲ್ಲ. ಆದರೂ ನಾನಿಲ್ಲಿ ಸಂಶೋಧನೆಗೆ ಸೇರಿ ಆರು ವರ್ಷವಾದ ಮೇಲೆ ಅವಳು ಬಂದದ್ದು ಅದೇ ಮೊದಲು. ಕಪ್ಪು ಕನ್ನಡಕ ಹಾಕಿಕೊಂಡು ನನ್ನ ಒಂಟಿ ಕೋಣೆಯ ಮಂಚದ ಮೇಲೆ ಕೂತವಳು ಮೂರನೆಯ ದಿನ ಕೇಳಿದಳು: “ಆರು ವರ್ಷಾತು, ದಿನಾ ಮುಂಜಾನೆ ಹೋಗಿ ರಾತ್ರಿ ಬರ್ತಿ. ಅಲ್ಲಿ ಏನ್ ನೋಡ್ತಿ ತಮ್ಮಾ?”

ನಾನು ನೋಡುವುದು ಗಿಡಗಳ ಕ್ಲೋರೋಪ್ಲಾಸ್ಟಿನೊಳಗಿನ ಡಿಎನ್‌ಎ. ಇಂಗ್ಲಿಷಿನಲ್ಲಿ ಇದನ್ನು ಮೂರು ನಿಮಿಷದಲ್ಲಿ ಹೇಳುವ ತರಬೇತಿ ನನಗಾಗಿದೆ. ಪೋಸ್ಟರಿನ ಮುಂದೆ ಟೈ ಕಟ್ಟಿಕೊಂಡು ನಿಂತು ಎಷ್ಟೋ ಸಲ ಹೇಳಿದ್ದೇನೆ. ಹಬ್ಸಿಗುಡದ ಚಹಾದಂಗಡಿಯಲ್ಲಿ ಹರಕುಮುರುಕು ತೆಲುಗಿನಲ್ಲೂ ಒಪ್ಪಿಸಿದ್ದೇನೆ. ಅವ್ವನ ಎದುರು ಎರಡನೆಯ ವಾಕ್ಯಕ್ಕೇ ನಾಲಿಗೆ ನಿಂತಿತು. “ಎಲಿಯೊಳಗಿನ ಹಸಿರು ನೋಡ್ತೀನವ್ವ” ಅಂದೆ. “ಹಸಿರಂದ್ರ ಹಸಿರ. ಅದರಾಗ ಆರು ವರ್ಷ ನೋಡೂದೇನದ?” ಅಂದಳು. ಅವಳು ಚೇಷ್ಟೆ ಮಾಡುತ್ತಿರಲಿಲ್ಲ. ನಿಜಕ್ಕೂ ತಿಳಿಯಬೇಕಾಗಿತ್ತು.

ಆ ರಾತ್ರಿ ಕಪಾಟಿನಿಂದ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ತೆಗೆದೆ. ಗಿಡಗಳ ಬಗ್ಗೆ ಕನ್ನಡದಲ್ಲಿ ಮಾತಾಡಲು ಬಾರದವನು ಮತ್ತೆಲ್ಲಿಗೆ ಹೋದಾನು? 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ ಅದು. ಸಸ್ಯವಿಜ್ಞಾನದ ಪುಸ್ತಕವೊಂದು ಕತೆ, ಕವಿತೆ, ಕಾದಂಬರಿಗಳನ್ನು ಹಿಂದಕ್ಕೆ ಸರಿಸಿ ಆ ಪ್ರಶಸ್ತಿ ತೆಗೆದುಕೊಂಡದ್ದು ನಮ್ಮ ಭಾಷೆಗೆ ಸಣ್ಣ ಮಾತಲ್ಲ. ಬರೆದವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿದ್ದರು. ಎಂದರೆ ನಮ್ಮ ಹಾಗೆಯೇ ಹೊರಗಿದ್ದವರು. ದಿನವಿಡೀ ಬೇರೆ ಭಾಷೆಗಳ ನಡುವೆ ಪಾಠ ಹೇಳಿ, ಬರೆಯುವಾಗ ಕನ್ನಡಕ್ಕೆ ಮರಳುತ್ತಿದ್ದವರು.

ಈ ಸಲ ಪುಸ್ತಕವನ್ನು ಕಳ್ಳನ ಕಣ್ಣಿನಿಂದ ಓದಿದೆ. ಇವರು ಇದನ್ನು ಹೇಗೆ ಮಾಡುತ್ತಾರೆ, ನಾನೇನು ಕದಿಯಬಹುದು ಅಂತ. ನನಗೆ ಕಂಡದ್ದು ಇಷ್ಟು. ಸ್ವಾಮಿಯವರ ಗದ್ಯದಲ್ಲಿ ಕೆಲಸ ಮಾಡುವುದು ಕ್ರಿಯಾಪದ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡಿಗೆ ಹೋಗುತ್ತಾರೆ, ಹತ್ತುತ್ತಾರೆ, ಜಾರುತ್ತಾರೆ, ಕೀಳುತ್ತಾರೆ, ಮೂಸುತ್ತಾರೆ, ವಾದ ಮಾಡುತ್ತಾರೆ. ಗಿಡ ಓದುಗನ ಕೈಗೆ ಬಂದ ಮೇಲೆ ಅದರ ಹೆಸರು ಬರುತ್ತದೆ. ಅವರೇ ಬರೆದ ರೇಖಾಚಿತ್ರ ಪಕ್ಕದಲ್ಲಿರುತ್ತದೆ. ಲ್ಯಾಟಿನ್ ಹೆಸರು ಬಂದರೂ ಅಷ್ಟು ಹೊತ್ತಿಗೆ ನಮಗೆ ಆ ಗಿಡದ ಪರಿಚಯವಾಗಿರುತ್ತದೆ, ಹಾಗಾಗಿ ಅದು ಕಲ್ಲಿನಂತೆ ಹಲ್ಲಿಗೆ ಸಿಗುವುದಿಲ್ಲ. ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಒಬ್ಬರೇ ಬರೆದದ್ದು ದೊಡ್ಡ ಸಾಹಸ. ಆದರೆ ಅಲ್ಲಿ ವಿಷಯವನ್ನು ತಿಳಿಸುವ ಹಿರಿಯರೊಬ್ಬರ ದನಿ ಇದೆ. ಸ್ವಾಮಿಯವರಲ್ಲಿ ಇರುವುದು ಬೂಟಿಗೆ ಜಿಗಣೆ ಹತ್ತಿಸಿಕೊಂಡು ನಡೆಯುವವನ ದನಿ.

ಮೆಚ್ಚಿಗೆ ಇಲ್ಲಿಗೆ ಸಾಕು. ನನ್ನ ತಕರಾರು ಸುರುವಾಗುವುದು ಇಲ್ಲಿಂದ. ಸ್ವಾಮಿಯವರ ವೃತ್ತಿ ಬರೀ ಕಾಡು ಸುತ್ತುವುದಾಗಿರಲಿಲ್ಲ. ಅವರು ಸಸ್ಯದ ಒಳರಚನೆಯ ವಿಜ್ಞಾನಿ. ಕಟ್ಟಿಗೆಯನ್ನು ಕೂದಲೆಳೆಗಿಂತ ತೆಳ್ಳಗೆ ಸೀಳಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ಗಂಟೆಗಟ್ಟಲೆ ನೋಡುವುದು ಅವರ ಕಸುಬು. ಹಾರ್ವರ್ಡಿನಲ್ಲಿ ಇರ್ವಿಂಗ್ ಬೈಲಿ ಅವರ ಜೊತೆ ಕೆಲಸ ಮಾಡಿ, 1950ರಲ್ಲಿ ಸಾರ್ಕಾಂಡ್ರ ಎಂಬ ಗಿಡದ ಕಟ್ಟಿಗೆಯಲ್ಲಿ ನೀರು ಸಾಗಿಸುವ ಉದ್ದ ಕೊಳವೆಗಳೇ ಇಲ್ಲವೆಂದು ಇಬ್ಬರೂ ಪ್ರಕಟಿಸಿದರು. ಹೂಬಿಡುವ ಗಿಡಗಳಲ್ಲಿ ಇದು ತೀರ ಅಪರೂಪ. ಗಿಡ ಬಹಳ ಹಳೆಯ ಕಾಲದ್ದಿರಬೇಕು ಎಂಬ ಊಹೆಗೆ ಇಂಥ ಸಂಗತಿ ಪುಷ್ಟಿ ಕೊಡುತ್ತಿತ್ತು. ಮುಂದೆ 1987ರಲ್ಲಿ ಕಾರ್ಲ್‌ಕ್ವಿಸ್ಟ್ ಎಂಬ ಅಮೆರಿಕದ ವಿಜ್ಞಾನಿ ಅದೇ ಕುಲದ ಗಿಡದ ಬೇರಿನ ಕಟ್ಟಿಗೆಯಲ್ಲಿ ಕೊಳವೆಗಳು ಇವೆ ಎಂದು ತೋರಿಸಿದರು. ಸ್ವಾಮಿ 1980ರಲ್ಲೇ ತೀರಿಕೊಂಡಿದ್ದರು. ಇದ್ದಿದ್ದರೆ ಅದರ ಮೇಲೆ ಒಂದು ರಸವತ್ತಾದ ಪ್ರಬಂಧ ನಮಗೆ ಸಿಗುತ್ತಿತ್ತೇನೋ. ಆಮೇಲೆ ಈ ಕುಟುಂಬವನ್ನು ಸಸ್ಯಗಳ ನೆಂಟಸ್ತಿಕೆಯಲ್ಲಿ ಎಲ್ಲಿಡಬೇಕು ಎಂಬ ಜಗಳ ಕಟ್ಟಿಗೆಯ ಸೀಳುಗಳಿಂದ ಕ್ಲೋರೋಪ್ಲಾಸ್ಟಿನ ಡಿಎನ್‌ಎಗೆ ದಾಟಿತು. ಸಾರ್ಕಾಂಡ್ರದ ಹತ್ತಿರದ ನೆಂಟ ಕ್ಲೋರಾಂತಸ್ಸಿನ ಪೂರ್ತಿ ಕ್ಲೋರೋಪ್ಲಾಸ್ಟ್ ಜೀನೋಮ್ 2007ರಲ್ಲಿ ಪ್ರಕಟವಾಯಿತು.

ಎಂದರೆ ಸ್ವಾಮಿಯವರ ದಾರಿ ನೇರವಾಗಿ ನಮ್ಮ ಪ್ರಯೋಗಾಲಯದ ಬಾಗಿಲಿಗೇ ಬಂದು ನಿಲ್ಲುತ್ತದೆ. ಆದರೆ ಅವರ ಕನ್ನಡ ಆ ಬಾಗಿಲು ದಾಟಿ ಒಳಗೆ ಬರಲಿಲ್ಲ. ಕನ್ನಡಿಗರ ನೆನಪಿನಲ್ಲಿ ಉಳಿದ ಸ್ವಾಮಿ ಕಾಡಿನ ಸ್ವಾಮಿ. ಮೇಜಿನ ಮುಂದೆ ಕಣ್ಣು ಕೀಲಿಸಿ ಕೂತ ಸ್ವಾಮಿಯಲ್ಲ. ತೇಜಸ್ವಿಯವರ ‘ಕರ್ವಾಲೊ’ದಲ್ಲೂ ವಿಜ್ಞಾನ ನಡೆಯುವುದು ಕಾಡಿನಲ್ಲೇ. ನಡೆಯಲು ಜಾಗ ಇದ್ದರೆ ನಮ್ಮ ಗದ್ಯ ಚೆನ್ನಾಗಿ ನಡೆಯುತ್ತದೆ. ಹವಾನಿಯಂತ್ರಿತ ಕೋಣೆಯಲ್ಲಿ ಒಂದು ತೊಟ್ಟು ಬಣ್ಣವಿಲ್ಲದ ನೀರನ್ನು ಇನ್ನೊಂದು ತೊಟ್ಟು ಬಣ್ಣವಿಲ್ಲದ ನೀರಿಗೆ ಸೇರಿಸುವುದೇ ಕೆಲಸವಾದಾಗ ಏನು ಬರೆಯುವುದು? ಅಲ್ಲಿ ಜಿಗಣೆಯೂ ಇಲ್ಲ.

ಆ ಖಾಲಿ ಜಾಗವನ್ನು ತುಂಬಿದ್ದು ಪಾರಿಭಾಷಿಕ ಪದಗಳು. ಈ ಊರಿನಲ್ಲಿ ಕೂತು ಅದರ ಬಗ್ಗೆ ಯೋಚಿಸುವುದಕ್ಕೆ ಒಂದು ವಿಶೇಷ ಕಾರಣವಿದೆ. ನಮ್ಮ ಅಜ್ಜ ಗುಲ್ಬರ್ಗದಲ್ಲಿ ಕಲಿತದ್ದು ಉರ್ದು ಮಾಧ್ಯಮದಲ್ಲಿ. ಆಗ ಅದು ನಿಜಾಮರ ರಾಜ್ಯ. 1918ರಲ್ಲಿ ಇಲ್ಲಿ ಸುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ವಿಜ್ಞಾನ, ವೈದ್ಯ, ಎಂಜಿನಿಯರಿಂಗ್‌ಗಳನ್ನು ಭಾರತೀಯ ಭಾಷೆಯೊಂದರಲ್ಲಿ ಕಲಿಸುವ ಧೈರ್ಯ ಮಾಡಿತು. ಅದಕ್ಕೆಂದೇ ದಾರುಲ್ ತರ್ಜುಮಾ ಎಂಬ ಅನುವಾದ ಸಂಸ್ಥೆ ಕಟ್ಟಿ, ಮೌಲ್ವಿ ಅಬ್ದುಲ್ ಹಕ್ ಅವರನ್ನು ಮುಂದಾಳಾಗಿಸಿ, ನೂರಾರು ಪುಸ್ತಕಗಳನ್ನು ಉರ್ದುವಿಗೆ ತಂದರು. 1948ರ ನಂತರ ಮಾಧ್ಯಮ ಬದಲಾಯಿತು, ಪುಸ್ತಕಗಳು ಕಪಾಟಿನಲ್ಲಿ ಉಳಿದವು. ಆ ರಾಜ್ಯದಲ್ಲಿ ಕನ್ನಡ, ತೆಲುಗು, ಮರಾಠಿ ಮಕ್ಕಳ ಮೇಲೆ ಉರ್ದು ಬಿದ್ದದ್ದು ಅನ್ಯಾಯವೇ. ಆದರೂ ಆ ಸಾಹಸವನ್ನು ನಗೆಯಾಡುವ ಹಕ್ಕು ನಮಗಿಲ್ಲ. ಗಿಡ ಬೆಳಕಿನಿಂದ ಆಹಾರ ಮಾಡಿಕೊಳ್ಳುವುದಕ್ಕೆ ಉರ್ದುವಿನಲ್ಲಿ ‘ಜಿಯಾಯಿ ತಾಲೀಫ್’ ಅನ್ನುತ್ತಾರೆ. ಜಿಯಾ ಎಂದರೆ ಬೆಳಕು, ತಾಲೀಫ್ ಎಂದರೆ ಕೂಡಿಸಿ ರಚಿಸುವುದು. ನಾವು ‘ದ್ಯುತಿಸಂಶ್ಲೇಷಣೆ’ ಅನ್ನುತ್ತೇವೆ. ದ್ಯುತಿ ಎಂದರೆ ಬೆಳಕು, ಸಂಶ್ಲೇಷಣೆ ಎಂದರೆ ಕೂಡಿಸುವುದು. ನನ್ನ ತೆಲುಗು ಗೆಳೆಯ ‘ಕಿರಣಜನ್ಯ ಸಂಯೋಗಕ್ರಿಯ’ ಎಂದು ಕಲಿತಿದ್ದಾನೆ. ಒಬ್ಬರು ಅರಬ್ಬಿಯ ಇಟ್ಟಿಗೆ ತಂದರು, ಇಬ್ಬರು ಸಂಸ್ಕೃತದ ಇಟ್ಟಿಗೆ ತಂದರು, ಗೋಡೆ ಒಂದೇ. ಮೂರೂ ಭಾಷೆಯ ತೊಗರಿ ಬೆಳೆಯುವ ಹೆಂಗಸರು ಆ ಗೋಡೆಯ ಹೊರಗೇ ನಿಂತಿದ್ದಾರೆ.

ಗೋಡೆಯ ಆಚೆಗೂ ವಿಜ್ಞಾನ ಹೋಗುತ್ತದೆ ಅನ್ನುವುದಕ್ಕೆ ಅವ್ವನೇ ಸಾಕ್ಷಿ. ನೆಟೆ ರೋಗ ತಡೆಯುವ ಐಸಿಪಿ 8863 ಎಂಬ ತೊಗರಿ ಇದೇ ಹೈದರಾಬಾದಿನ ಪಟಾನ್‌ಚೆರುವಿನ ಇಕ್ರಿಸ್ಯಾಟ್‌ನಲ್ಲಿ ಆರಿಸಿದ್ದು. 1980ರ ದಶಕದಲ್ಲಿ ಕರ್ನಾಟಕದಲ್ಲಿ ಅದಕ್ಕೆ ‘ಮಾರುತಿ’ ಅಂತ ಹೆಸರಿಟ್ಟು ಬಿಡುಗಡೆ ಮಾಡಿದರು. ನಮ್ಮ ಹೊಲದಲ್ಲಿ ಹತ್ತಾರು ವರ್ಷ ಅದೇ ಇತ್ತು. “ಮಾರುತಿ ಇಲ್ಲಿಂದ ಬಂದದ್ದವ್ವ” ಅಂದಾಗ ಅವಳಿಗೆ ನನ್ನ ಊರಿನ ಮೇಲೆ ಮೊದಲ ಸಲ ಗೌರವ ಬಂತು.

ಪದಗಳ ವಿಷಯದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ‘ವಂಶವಾಹಿ’. ಜೀನ್ ಎಂಬುದಕ್ಕೆ ಈ ಪದ ಎಷ್ಟು ಚೆನ್ನಾಗಿ ಕೂತಿದೆಯೆಂದರೆ ನಾವು ಅದನ್ನು ಬಿಚ್ಚಿ ನೋಡುವುದೇ ಇಲ್ಲ. ವಂಶ ಎಂದರೆ ನಮ್ಮ ಮನೆಗಳಲ್ಲಿ ಏನು? ಗಂಡುಮಗ ಹುಟ್ಟಿದರೆ ವಂಶೋದ್ಧಾರಕ. ಹೆಣ್ಣುಮಗಳು ಮದುವೆಯಾಗಿ ಬೇರೆ ವಂಶಕ್ಕೆ ಹೋಗುತ್ತಾಳೆ. ಈ ಪದವನ್ನು ಹಿಡಿದುಕೊಂಡು ಕ್ಲೋರೋಪ್ಲಾಸ್ಟಿನ ಬಳಿ ಹೋದರೆ ಎಡವಿ ಬೀಳುತ್ತೇವೆ. ಹೂಬಿಡುವ ಬಹುಪಾಲು ಗಿಡಗಳಲ್ಲಿ ಕ್ಲೋರೋಪ್ಲಾಸ್ಟ್ ಮತ್ತು ಅದರ ಡಿಎನ್‌ಎ ಮರಿಗಿಡಕ್ಕೆ ಬರುವುದು ತಾಯಿಯಿಂದ. ಪರಾಗ ತರುವ ಅಪ್ಪನ ಪಾಲು ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆ. (ಪೈನ್ ಮುಂತಾದ ಮರಗಳಲ್ಲಿ ಇದು ತಿರುಗಾಮುರುಗ, ಅಪ್ಪನಿಂದ ಬರುತ್ತದೆ.) ತಾಯಿಯ ಕಡೆಯಿಂದ ಮಾತ್ರ ಬರುವುದನ್ನು ‘ವಂಶವಾಹಿ’ ಎಂದು ಕರೆದಾಗ ನಮ್ಮ ಕಿವಿಗೆ ಏನೂ ಅನ್ನಿಸುವುದಿಲ್ಲವಲ್ಲ, ಅಲ್ಲಿ ಭಾಷೆ ನಮ್ಮ ಪರವಾಗಿ ಯೋಚನೆ ಮಾಡಿ ಮುಗಿಸಿಬಿಟ್ಟಿದೆ. ನಾನೀಗ ಜೀನ್ ಎಂದೇ ಬರೆಯುತ್ತೇನೆ. ಅದಕ್ಕೆ ಕನ್ನಡದಲ್ಲಿ ಜಾತಕ ಇಲ್ಲ, ಅದೇ ಅದರ ಗುಣ.

ಇನ್ನೊಂದು ಕಾಯಿಲೆ ರೂಪಕದ್ದು. ಜೀನೋಮ್ ಅಂದ ಕೂಡಲೇ ನಮ್ಮ ಪತ್ರಿಕೆಗಳು ‘ಜೀವದ ನೀಲನಕ್ಷೆ’ ಅನ್ನುತ್ತವೆ, ಇಲ್ಲವೇ ‘ಜೀವದ ಪುಸ್ತಕ’. ಪುಸ್ತಕ ಅಂತಲೇ ಇಟ್ಟುಕೊಳ್ಳೋಣ. ಕ್ಲೋರೋಪ್ಲಾಸ್ಟಿನ ಪುಸ್ತಕ ಚಿಕ್ಕದು. 1986ರಲ್ಲಿ ಜಪಾನಿನ ಎರಡು ತಂಡಗಳು ಮೊದಲ ಬಾರಿಗೆ ಇಂಥ ಎರಡು ಜೀನೋಮ್‌ಗಳನ್ನು ಪೂರ್ತಿ ಓದಿದವು. ಒಂದು ತಂಬಾಕಿನದು, ಇನ್ನೊಂದು ಒದ್ದೆ ನೆಲಕ್ಕೆ ಅಂಟಿ ಬೆಳೆಯುವ ಮಾರ್ಕ್ಯಾಂಶಿಯ ಎಂಬ ಪುಟ್ಟ ಸಸ್ಯದ್ದು. ತಂಬಾಕಿನದು ಸುಮಾರು 1,56,000 ಅಕ್ಷರ. ಪುಟಕ್ಕೆ ಎರಡು ಸಾವಿರದಂತೆ ಅಚ್ಚು ಹಾಕಿದರೆ 78 ಪುಟ, ಒಂದು ಕವನ ಸಂಕಲನದಷ್ಟು. ಆದರೆ ಇದೆಂಥ ಪುಸ್ತಕ ನೋಡಿ. ಎಲೆಯ ಒಂದೇ ಕೋಶದಲ್ಲಿ ಇದರ ಸಾವಿರಾರು ಪ್ರತಿಗಳಿವೆ. ಒಂದು ಜೀನ್ ತುಂಡುತುಂಡಾಗಿ ಬೇರೆ ಬೇರೆ ಕಡೆ ಬರೆದಿದೆ, ಓದುವಾಗ ಹೊಲಿಯಬೇಕು. ಹೂಬಿಡುವ ಗಿಡಗಳಲ್ಲಿ ಸುಮಾರು ಮೂವತ್ತು ನಲವತ್ತು ಕಡೆ ಬರೆದದ್ದೇ ಒಂದು, ನಕಲು ತೆಗೆದ ಮೇಲೆ ತಿದ್ದಿ ಓದುವುದೇ ಇನ್ನೊಂದು. ತಪ್ಪನ್ನು ಮೂಲದಲ್ಲಿ ಹಾಗೇ ಬಿಟ್ಟು ಪ್ರತಿಯೊಂದು ನಕಲಿನಲ್ಲೂ ತಿದ್ದುವ ಮುದ್ರಕನನ್ನು ಯಾರಾದರೂ ಇಟ್ಟುಕೊಳ್ಳುತ್ತಾರೆಯೇ? ಈ ವೆಬ್ ಪತ್ರಿಕೆಯ ಸಂಪಾದಕರಂತೂ ಇಟ್ಟುಕೊಳ್ಳಲಾರರು. ನೀಲನಕ್ಷೆ ಎಂಬ ಮಾತಿನಲ್ಲಿ ಒಬ್ಬ ಎಂಜಿನಿಯರ್ ಅಡಗಿ ಕೂತಿದ್ದಾನೆ. ಇಲ್ಲಿ ಎಂಜಿನಿಯರ್ ಇಲ್ಲ, ನೂರು ಕೋಟಿ ವರ್ಷಕ್ಕೂ ಮಿಕ್ಕಿದ ತೇಪೆ ಕೆಲಸ ಇದೆ.

ರೂಪಕದ ತಪ್ಪನ್ನು ಬೇರೆಯವರ ಮೇಲೆ ಹೊರಿಸಿ ನಾನು ಪಾರಾಗಲಾರೆ. ಕೆಲವು ವರ್ಷದ ಹಿಂದೆ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ನಾಲ್ಕು ಮಾತಾಡುವ ಅವಕಾಶ ಸಿಕ್ಕಿತ್ತು. ಕೇಳುಗರೆಲ್ಲ ವಲಸೆ ಬಂದವರು. ಕ್ಲೋರೋಪ್ಲಾಸ್ಟ್ ಒಬ್ಬ ವಲಸಿಗ ಎಂದು ಸುರು ಮಾಡಿದೆ. ಒಂದು ಕಾಲದಲ್ಲಿ ಅದು ನೀರಿನಲ್ಲಿ ಸ್ವತಂತ್ರವಾಗಿ ಬದುಕಿದ್ದ ಸಯನೋಬ್ಯಾಕ್ಟೀರಿಯ. 1905ರಲ್ಲೇ ರಷ್ಯಾದ ಮೆರೆಷ್‌ಕೊವ್‌ಸ್ಕಿ ಇದನ್ನು ಹೇಳಿದ, ಯಾರೂ ಕಿವಿಗೊಡಲಿಲ್ಲ. 1967ರಲ್ಲಿ ಲಿನ್ ಮಾರ್ಗುಲಿಸ್ ಮತ್ತೆ ಎತ್ತಿಕೊಂಡ ಮೇಲೆ ಲೋಕ ನಿಧಾನವಾಗಿ ಒಪ್ಪಿತು. ಇಂದಿನ ಸಯನೋಬ್ಯಾಕ್ಟೀರಿಯವೊಂದರಲ್ಲಿ ಮೂರು ಸಾವಿರದಷ್ಟು ಜೀನ್‌ಗಳಿದ್ದರೆ ನೆಲದ ಗಿಡದ ಕ್ಲೋರೋಪ್ಲಾಸ್ಟಿನಲ್ಲಿ ಉಳಿದಿರುವುದು ನೂರು ನೂರಿಪ್ಪತ್ತು. ಕೆಲವು ಕಳೆದುಹೋದವು, ಎಷ್ಟೋ ಜೀನ್‌ಗಳು ಕೋಶಕೇಂದ್ರಕ್ಕೆ ದಾಟಿದವು. ಊರು ಬಿಟ್ಟು ಬಂದ ಮೇಲೆ ಒಂದೊಂದೇ ಕಾಗದಪತ್ರವನ್ನು ಯಜಮಾನನ ಕೈಗೆ ಒಪ್ಪಿಸಿದ ವಲಸಿಗ, ಆದರೂ ಕೊನೆಗೊಂದಿಷ್ಟನ್ನು ಎದೆಗೆ ಅವುಚಿಕೊಂಡಿದ್ದಾನೆ ಎಂದೆ. ಚಪ್ಪಾಳೆ ಬಿತ್ತು. ಒಬ್ಬರು ಕಣ್ಣೊರೆಸಿಕೊಂಡರು.

ಮನೆಗೆ ಬರುವಾಗಲೇ ಮುಜುಗರವಾಯಿತು. ನಾವು ನೌಕರಿ ಹುಡುಕಿಕೊಂಡು ಬಂದವರು. ಅದನ್ನು ನುಂಗಲಾಗಿತ್ತು. ನಮಗೆ ಹಿಂದಿರುಗುವ ರೈಲಿದೆ. ಅದಕ್ಕೆ ಇಲ್ಲ, ಅದರ ಪ್ರೋಟೀನುಗಳಲ್ಲಿ ಬಹುಪಾಲು ಈಗ ಕೋಶಕೇಂದ್ರದ ಜೀನ್‌ಗಳಿಂದಲೇ ತಯಾರಾಗಿ ಹೊರಗಿನಿಂದ ಬರಬೇಕು. ಇಂಗಾಲವನ್ನು ಹಿಡಿಯುವ ರುಬಿಸ್ಕೊ ಎಂಬ ಪ್ರೋಟೀನನ್ನೇ ನೋಡಿ: ಎಂಟು ದೊಡ್ಡ ತುಂಡು, ಎಂಟು ಸಣ್ಣ ತುಂಡು. ದೊಡ್ಡದರ ಜೀನ್ ಕ್ಲೋರೋಪ್ಲಾಸ್ಟಿನಲ್ಲಿ, ಸಣ್ಣದರದು ಕೋಶಕೇಂದ್ರದಲ್ಲಿ. ಎರಡೂ ಕಡೆಯವರು ದಿನಾ ಕೆಲಸಕ್ಕೆ ಬರಲೇಬೇಕು. ಇನ್ನು ‘ಒಪ್ಪಿಸಿದ’ ಎಂಬ ಮಾತು. 2003ರಲ್ಲಿ ಆಸ್ಟ್ರೇಲಿಯಾದ ಅಡಿಲೇಡಿನ ತಂಡ ತಂಬಾಕಿನಲ್ಲಿ ಲೆಕ್ಕ ಹಾಕಿತು: ಸುಮಾರು 16,000 ಪರಾಗ ಕಣಗಳಲ್ಲಿ ಒಂದರಲ್ಲಿ ಕ್ಲೋರೋಪ್ಲಾಸ್ಟಿನ ಡಿಎನ್‌ಎ ಚೂರು ಕೋಶಕೇಂದ್ರಕ್ಕೆ ಹೊಸದಾಗಿ ಹೋಗಿ ಸೇರಿಕೊಂಡಿರುತ್ತದೆ. ಎಂದರೆ ಈ ಸಾಗಣೆ ಪುರಾಣಕಾಲದಲ್ಲಿ ಮುಗಿದ ಕತೆಯಲ್ಲ, ಈ ಚಳಿಗಾಲದ ತಂಬಾಕಿನ ಹೊಲದಲ್ಲೂ ನಡೆಯುತ್ತಿದೆ. ಯಾರೂ ಯಾರಿಗೂ ಏನನ್ನೂ ಒಪ್ಪಿಸುತ್ತಿಲ್ಲ. ಚೂರುಗಳು ಹಾರಿ ಬೀಳುತ್ತವೆ, ಹೆಚ್ಚಿನವು ಕೆಲಸಕ್ಕೆ ಬಾರದೆ ಹಾಳಾಗುತ್ತವೆ. ನನ್ನ ವಲಸಿಗ ಕೇಳುಗರನ್ನು ಅಳಿಸಿದ, ಕ್ಲೋರೋಪ್ಲಾಸ್ಟಿನ ಬಗ್ಗೆ ಮಾತ್ರ ಏನೂ ತಿಳಿಸಲಿಲ್ಲ. ನಮ್ಮಂಥ ಹೊರನಾಡಿನವರ ಬರವಣಿಗೆಯಲ್ಲಿ ಈ ಚಟ ಬಹಳ. ಯಾವ ವಸ್ತು ಸಿಕ್ಕರೂ ಅದಕ್ಕೆ ನಮ್ಮ ಊರು ಬಿಟ್ಟ ಸಂಕಟದ ಅಂಗಿ ತೊಡಿಸುತ್ತೇವೆ.

ಹಾಗಾದರೆ ಅವ್ವನಿಗೆ ಏನು ಹೇಳುವುದು? ಸ್ವಾಮಿಯವರಿಂದ ಕದ್ದದ್ದನ್ನು ಬಳಸಿ ನೋಡಿದೆ: ಮೊದಲು ಕೈಗೆ ಗಿಡ, ಆಮೇಲೆ ಹೆಸರು, ಮಧ್ಯೆ ಯಾರೋ ಏನೋ ಮಾಡುತ್ತಿರಬೇಕು. ಅವಳು ಊರಿಗೆ ಮರಳಿದ ಮೇಲೆ ಒಂದು ರವಿವಾರ ಫೋನಿನಲ್ಲಿ ಓದಲೆಂದು ಒಂದು ಪುಟ ಬರೆದೆ. ಆರಿಸಿಕೊಂಡದ್ದು ಸಂಜೆಮಲ್ಲಿಗೆ. ನಮ್ಮ ಕೊಟ್ಟಿಗೆಯ ಹಿಂದೆ ಇದೆ, ಇಲ್ಲಿ ನನ್ನ ಮನೆ ಮಾಲೀಕರ ಅಂಗಳದಲ್ಲೂ ಇದೆ. ಅವರು ಚಂದ್ರಕಾಂತ ಅನ್ನುತ್ತಾರೆ, ಪಕ್ಕದ ಮನೆಯವರು ಗುಲ್ ಅಬ್ಬಾಸ್ ಅನ್ನುತ್ತಾರೆ. ಬರೆದದ್ದು ಹೆಚ್ಚುಕಡಿಮೆ ಹೀಗಿತ್ತು:

ಎಲೆಯ ಹಸಿರು ಬಳಿದ ಬಣ್ಣವಲ್ಲ. ಎಲೆಯ ಒಳಗೆ ಕಾಳುಕಾಳಾಗಿ ತುಂಬಿದೆ. ಕಾಳಿನ ಆಕಾರ ತೊಗರಿ ಬೇಳೆಯ ಹಾಗೆ, ಇನ್ನೂರು ಕಾಳನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್. ಜರ್ಮನಿಯಲ್ಲಿ ಕೊರೆನ್ಸ್ ಎಂಬುವನ ಹತ್ತಿರ ಒಂದು ವಿಚಿತ್ರ ಸಂಜೆಮಲ್ಲಿಗೆ ಇತ್ತು. ಒಂದೇ ಗಿಡದಲ್ಲಿ ಕೆಲವು ಕೊಂಬೆಯ ಎಲೆ ಹಸಿರು, ಕೆಲವದರದು ಬಿಳಿ, ಕೆಲವದರಲ್ಲಿ ಹಸಿರು ಬಿಳಿ ಮಚ್ಚೆ. ಹೂವಿನ ಬಣ್ಣದ ಮಾತಲ್ಲ, ಎಲೆಯದು. ಹಸಿರು ಕೊಂಬೆಯ ಹೂವಿನ ಪರಾಗವನ್ನು ಅವನು ಬಿಳಿ ಕೊಂಬೆಯ ಹೂವಿಗೆ ಹಚ್ಚಿದ. ಬೀಜ ಬಿತ್ತಿದ. ಎಲ್ಲ ಸಸಿಗಳೂ ಬಿಳಿ. ಉಲ್ಟಾ ಮಾಡಿದ: ಬಿಳಿಯ ಪರಾಗವನ್ನು ಹಸಿರಿನ ಹೂವಿಗೆ. ಎಲ್ಲವೂ ಹಸಿರು. ಮಚ್ಚೆ ಕೊಂಬೆಯ ಹೂವಿನ ಬೀಜದಿಂದ ಮೂರೂ ತರದ ಸಸಿ ಬಂದವು, ಪರಾಗ ಯಾವುದೇ ಇರಲಿ. ಅಪ್ಪ ಯಾರು ಅನ್ನುವುದು ಲೆಕ್ಕಕ್ಕೇ ಬರಲಿಲ್ಲ. ಇದು 1909ರ ಮಾತು. ಅದೇ ವರ್ಷ ಬಾವರ್ ಎಂಬ ಇನ್ನೊಬ್ಬ, ಆ ಕಾಳುಗಳೇ ತಮ್ಮ ಗುಣವನ್ನು ತಾವೇ ಹೊತ್ತು ಮುಂದಿನ ಪೀಳಿಗೆಗೆ ಹೋಗುತ್ತಿರಬೇಕು ಎಂದ. ಕಾಳಿನೊಳಗೆ ಡಿಎನ್‌ಎ ಎಳೆ ಕಣ್ಣಿಗೆ ಕಂಡದ್ದು 1962ರಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ. ಆ ಎಳೆಯಲ್ಲಿ ಏನು ಬರೆದಿದೆ ಅಂತ ಓದುವುದು ನನ್ನ ನೌಕರಿ.

ಹನ್ನೆರಡು ನಿಮಿಷ ಹಿಡಿಯಿತು, ನಡುವೆ ಎಮ್ಮೆಯ ಸದ್ದಿಗೆ ಎರಡು ಸಲ ನಿಲ್ಲಿಸಿದೆ. ‘ವಂಶವಾಹಿ’ ಇಲ್ಲ, ‘ದ್ಯುತಿಸಂಶ್ಲೇಷಣೆ’ ಇಲ್ಲ, ವಲಸಿಗನೂ ಇಲ್ಲ. ‘ಮೂರೂ ತರದ ಸಸಿ’ ಅಂದಾಗ ಅವಳು “ತಡಿ” ಅಂದಳು. ಮತ್ತೊಮ್ಮೆ ಓದಿಸಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಆ ಬಿಳಿ ಸಸಿ ಅದಾವಲ್ಲ. ಹಸಿರ ಕಾಳು ಇಲ್ಲಂದ್ರ ಅವು ಉಣ್ಣೂದೇನು? ಎಷ್ಟ ದಿನ ಬದುಕ್ತಾವು?”

ನನ್ನ ಪುಟದಲ್ಲಿ ಅದು ಇರಲಿಲ್ಲ. ನಾಲ್ಕು ಕಡೆ ಈ ವಿಷಯ ಮಂಡಿಸಿದಾಗಲೂ ಯಾರೂ ಅದನ್ನು ಕೇಳಿರಲಿಲ್ಲ. “ಬೀಜದಾಗ ಅವ್ವ ಕಟ್ಟಿಕೊಟ್ಟ ಬುತ್ತಿ ಇರ್ತದಲ್ಲ, ಅದು ತೀರೋ ತನಕ” ಅಂದೆ. “ಆಮ್ಯಾಗ?” “ಸಾಯ್ತಾವು.” ಅವಳು “ಹಂಗೇನು” ಅಂದು, ಕಣ್ಣಿಗೆ ಹನಿ ಹಾಕುವ ಹೊತ್ತಾಯಿತೆಂದು ಫೋನು ಇಟ್ಟಳು. ಮಾರನೆಯ ರವಿವಾರ ಅವಳೇ ಮಾಡಿದಳು. ಕೊಟ್ಟಿಗೆಯ ಹಿಂದಿನ ಸಂಜೆಮಲ್ಲಿಗೆಯನ್ನು ಪೂರ್ತಿ ನೋಡಿದ್ದಾಳಂತೆ, ಬಿಳಿ ಎಲೆಯ ಕೊಂಬೆ ಒಂದೂ ಇಲ್ಲವಂತೆ.